ಅಜ್ಜಿ ಬಾಯಿ ಬಿಟ್ಟ ಮೇಲೆ

ಹಳೇ ಬಾಗಲಕೋಟೆ ಮುಳುಗಿದ ಕತೆಯ ನನ್ನ ಕಾದಂಬರಿ ಏಳನೇ ಅಧ್ಯಾಯದಲ್ಲಿ ಎರಡು ತಿಂಗಳು ನಿಂತಿತ್ತು. ಆಲಮಟ್ಟಿ ಅಣೆಕಟ್ಟು, 519.60 ಮೀಟರ್ ನೀರಿನ ಮಟ್ಟ, ಘಟಪ್ರಭೆಯ ಹಿನ್ನೀರು, ಮನೆ ಮುಳುಗಿದವರಿಗಾಗಿ ಕಟ್ಟಿದ ನವನಗರದ ಸೆಕ್ಟರ್‌ಗಳು ಎಲ್ಲ ಸರಿಯಾಗೇ ಇದ್ದವು. ಓದಿದರೆ ಮಾತ್ರ ಸರ್ಕಾರಿ ವರದಿ!

ಒಂದು ಸಂಜೆ ಸುಮ್ನೆ ಜೋರಾಗಿ ಓದಿದೆ. ನನ್ನ ಅಜ್ಜಿ ಪಾತ್ರ ‘ನಾನು ಮನೆಯನ್ನು ತೊರೆಯಲಾರೆ’ ಅನ್ನುತ್ತಿದ್ದಳು. ನಮ್ಮ ಕಡೆ ಯಾರು ಹೀಗೆ ಮಾತಾಡುತ್ತಾರೆ? ಅಲ್ಲೇ ಗಂಟು ಸಿಕ್ಕಿತು.

ಅಂಕಿಗಳನ್ನು ಹೊಡೆದುಹಾಕಿ ಅವಳನ್ನು ತಲಬಾಗಿಲ ಮುಂದೆ ನಿಲ್ಲಿಸಿದೆ: ‘ಈ ಚೌಕಟ್ಟ ಕಿತ್ತು ಟ್ರ್ಯಾಕ್ಟರಿಗೆ ಹಾಕೋ ತಮ್ಮಾ. ಹೊಸಾ ಮನೀಗೂ ಇದ ಬಾಗಲಾ.’

ಹಾಗೇ ಮೊದಲು ಇಡೀ ಅಧ್ಯಾಯವನ್ನೇ ಆಡುನುಡಿಯಲ್ಲಿ ತಿದ್ದಿ ಬರೆದೆ. ಮೈಸೂರಿನ ಗೆಳೆಯ ಎರಡು ಪುಟಕ್ಕೇ ಸುಸ್ತು. ಆಮೇಲೆ ಮಾತಿಗಷ್ಟೇ ನಮ್ಮ ಭಾಷೆ, ಉಳಿದದ್ದಕ್ಕೆ ಸಾದಾ ಕನ್ನಡ. ಮೂರೇ ದಿನದಲ್ಲಿ ಅಧ್ಯಾಯ ಮುಗಿಯಿತು. ಎಂಟನೆಯದು ಈಗ ಸತಾಯಿಸುತ್ತಿದೆ, ಅದು ಬೇರೆ ಮಾತು.