ದ್ರಾವಣ ತಿಳಿಯಾಗಿತ್ತು, ಎಂಜೈಮ್ ಮಾತ್ರ ಎದ್ದಿರಲಿಲ್ಲ

ಕ್ಯುವೆಟ್ (ಬೆಳಕು ಹಾಯಿಸಿ ಅಳೆಯುವ ಪುಟ್ಟ ಪಾತ್ರೆ) ಒಂದು ತಾಸು 45 ಡಿಗ್ರಿಯಲ್ಲಿತ್ತು. ಆದರೂ ಒಳಗಿನ ದ್ರಾವಣ ಗಾಜಿನಷ್ಟು ತಿಳಿ. ಎಂಜೈಮ್ ಉಳೀತು ಅಂತ ಖುಷಿಪಟ್ಟೆ. ಆಮೇಲೆ ಅದರ ಚಟುವಟಿಕೆ ಅಳೆದರೆ ಹೆಚ್ಚುಕಡಿಮೆ ಸೊನ್ನೆ!

ನಾನು ನೋಡುತ್ತಿದ್ದದ್ದು ಬಟಾಣಿ ಗಿಡದ ಎಚ್‌ಎಸ್‌ಪಿ18.1 ಎಂಬ ಪುಟ್ಟ ಹೀಟ್ ಶಾಕ್ ಪ್ರೋಟೀನನ್ನು, ಅಂದರೆ ಬಿಸಿಯಲ್ಲಿ ಬೇರೆ ಪ್ರೋಟೀನುಗಳನ್ನು ಕಾಯುವ ಪ್ರೋಟೀನನ್ನು. ಪುಟ್ಟದು ಅಂದರೂ 12 ಸೇರಿ ಒಂದು ಗುಂಪಾಗಿರುತ್ತವೆ. ಜೊತೆಗೆ ಹಾಕಿದ್ದು ಮ್ಯಾಲೇಟ್ ಡಿಹೈಡ್ರೋಜಿನೇಸ್, ಅಂದರೆ ಎಂಡಿಎಚ್. ಈ ಎಂಜೈಮ್ ಗಿಡದಲ್ಲೂ ಇದೆ, ಆದರೆ ನಾನು ಬಳಸಿದ್ದು ಹಂದಿಯ ಹೃದಯದ್ದು. ಶುದ್ಧವಾಗಿ ಸಿಗುತ್ತದೆ, ಬಿಸಿಗೆ ಬೇಗ ಕೆಡುತ್ತದೆ. ಮೊದಲ ಪ್ರಯೋಗಕ್ಕೆ ಇಷ್ಟು ಸಾಕಲ್ವಾ?

ಎಂಡಿಎಚ್ ಒಂದನ್ನೇ ಬಿಸಿ ಮಾಡಿದರೆ ಮಡಿಕೆ ಬಿಚ್ಚಿಕೊಂಡು, ಒಂದಕ್ಕೊಂದು ಅಂಟಿ, ದ್ರಾವಣ ಮಂಜು ಕವಿದಂತೆ ಆಗುತ್ತದೆ. ಆ ಮಂಜನ್ನು 320 ನ್ಯಾನೋಮೀಟರ್ ಬೆಳಕಿನಲ್ಲಿ ಅಳೆಯುತ್ತಿದ್ದೆ. ಮೊದಲ ದಿನ ಗ್ರಾಫ್ ಏರಿದ್ದು ಮಾತ್ರ ಗಾಳಿಗುಳ್ಳೆಗಳಿಂದ! ಬಫರಿನಲ್ಲಿ (ಪಿಎಚ್ ಹೆಚ್ಚು ಬದಲಾಗದಂತೆ ಕಾಯುವ ದ್ರಾವಣ) ಇದ್ದ ಗಾಳಿ ಬಿಸಿಗೆ ಹೊರಬಂದು ಕ್ಯುವೆಟ್ ಗೋಡೆಗೆ ಸಾಲಾಗಿ ಕೂತಿತ್ತು. ಅಂದಿನಿಂದ ಬಫರಿನ ಗಾಳಿ ತೆಗೆಯದೆ ಶುರು ಮಾಡಿಲ್ಲ. ಟ್ರಿಸ್ ಬಫರ್ ಇನ್ನೊಂದು ತಲೆನೋವು. 25 ಡಿಗ್ರಿಯಲ್ಲಿ ಪಿಎಚ್ 8 ಇಟ್ಟರೆ 45ಕ್ಕೆ ಹೋಗುವಷ್ಟರಲ್ಲಿ ಸುಮಾರು 7.4ಕ್ಕೆ ಇಳಿದಿರುತ್ತದೆ. ಹೆಪೆಸ್ ಎಂಬ ಇನ್ನೊಂದು ಬಫರ್‌ಗೆ ಬದಲಾಯಿಸಿದೆ. ಅದೂ ಇಳಿಯುತ್ತದೆ, ಆದರೆ ಅರ್ಧದಷ್ಟು.

ಎಚ್‌ಎಸ್‌ಪಿ ಬದಲು ಅಷ್ಟೇ ತೂಕದ ಬಿಎಸ್‌ಎ (ಹಸುವಿನ ರಕ್ತದ ಒಂದು ಪ್ರೋಟೀನ್) ಹಾಕಿದ ಕ್ಯುವೆಟ್ ಮಂಜಾಯಿತು. ಹಾಗಾಗಿ ಸುಮ್ನೆ ಯಾವುದೋ ಪ್ರೋಟೀನ್ ಜಾಸ್ತಿ ಇದ್ದದ್ದಕ್ಕೆ ತಿಳಿಯಾಗಿ ಉಳಿದದ್ದಲ್ಲ. ಆದರೆ ಎಚ್‌ಎಸ್‌ಪಿ ಎಂಜೈಮನ್ನು ನಿಜವಾಗಿ ಹಿಡಿದುಕೊಂಡಿದೆಯಾ? ಅದನ್ನು ಜೆಲ್ ಫಿಲ್ಟ್ರೇಷನ್ ಕಾಲಮ್ ತೋರಿಸಿತು. ಇದು ಪ್ರೋಟೀನುಗಳನ್ನು ಗಾತ್ರದ ಮೇಲೆ ಬೇರ್ಪಡಿಸುತ್ತದೆ, ದೊಡ್ಡದು ಮೊದಲು ಹೊರಬರುತ್ತದೆ. ಬಿಸಿ ಮಾಡದ ಮಿಶ್ರಣದಲ್ಲಿ ಎರಡೂ ತಮ್ಮ ತಮ್ಮ ಜಾಗದಲ್ಲಿ ಬೇರೆಬೇರೆಯಾಗಿ ಬಂದವು. ಬಿಸಿ ಮಾಡಿದ್ದರಲ್ಲಿ ಆ ಎರಡು ಶಿಖರಗಳು ಕುಗ್ಗಿ, ಅವಕ್ಕಿಂತ ಮೊದಲೇ ಒಂದು ಹೊಸ ಶಿಖರ ಎದ್ದಿತ್ತು. ಅದನ್ನು ಜೆಲ್ ಮೇಲೆ ಓಡಿಸಿದರೆ ಎರಡೂ ಪಟ್ಟಿಗಳು ಒಂದೇ ಸಾಲಿನಲ್ಲಿ! ಅಂದರೆ ಇವೆರಡರ ಒಡನಾಟ ಶುರುವಾಗುವುದೇ ಬಿಸಿಗೆ ಎಂಜೈಮ್ ಬಿಚ್ಚಿಕೊಂಡ ಮೇಲೆ.

ಚಟುವಟಿಕೆ ಯಾಕೆ ಸೊನ್ನೆ ಅನ್ನುವುದು ಇಲ್ಲಿ ಅರ್ಥವಾಯಿತು. ಪುಟ್ಟ ಎಚ್‌ಎಸ್‌ಪಿ ಎಂಜೈಮನ್ನು ಗಂಟು ಕಟ್ಟದಂತೆ ಹಿಡಿದಿಡುತ್ತದೆ ಅಷ್ಟೆ, ಮತ್ತೆ ಮಡಚುವುದಿಲ್ಲ. ಅದು ಜೀವಕೋಶದ ಇಂಧನವಾದ ಎಟಿಪಿಯನ್ನು ಬಳಸುವುದಿಲ್ಲ, ಮಡಚಲು ಬೇರೆ ಪ್ರೋಟೀನುಗಳು ಬೇಕು.

ಮಿಶ್ರಣವನ್ನು 25 ಡಿಗ್ರಿಗೆ ಇಳಿಸಿ, ಮಡಚಲು ನೆರವಾಗುವ ಬ್ಯಾಕ್ಟೀರಿಯಾದ ಎಚ್‌ಎಸ್‌ಪಿ70, ಅದರ ಸಹಾಯಕರಾದ ಜೆ-ಪ್ರೋಟೀನ್ ಮತ್ತು ಗ್ರ್ಪ್‌ಇ, ಜೊತೆಗೆ ಎಟಿಪಿ ಸೇರಿಸಿದೆ. ಎಂಜೈಮಿನ ಚಟುವಟಿಕೆ ಸ್ವಲ್ಪ ಮಾತ್ರ ಎದ್ದಿತು. ಮಡಚುವ ಇನ್ನೊಂದು ಜೋಡಿ, ಗ್ರೋಇಎಲ್ ಮತ್ತು ಗ್ರೋಇಎಸ್ ಕೂಡ ಹಾಕಿದ ಮೇಲೆ 340 ನ್ಯಾನೋಮೀಟರ್‌ನಲ್ಲಿ ಎನ್‌ಎಡಿಎಚ್ ಗೆರೆ ಸ್ಪಷ್ಟವಾಗಿ ಇಳಿಯತೊಡಗಿತು. ಎಂಡಿಎಚ್ ಕೆಲಸ ಮಾಡಿದಂತೆ ಎನ್‌ಎಡಿಎಚ್ ಖರ್ಚಾಗುತ್ತದೆ, ಆದ್ದರಿಂದ ಗೆರೆ ಇಳಿದರೆ ಎಂಜೈಮ್ ಎದ್ದಿದೆ ಎಂದರ್ಥ. ಈ ಅಳತೆಗೆ ಎಂಜೈಮ್ ಬದಲಾಯಿಸುವ ವಸ್ತುವಾದ ಆಕ್ಸಾಲೋಅಸಿಟೇಟನ್ನು ಅಂದಂದೇ ಕರಗಿಸಿಕೊಳ್ಳಿ. ನಿನ್ನೆಯದು ತಾನಾಗಿ ಒಡೆದಿರುತ್ತದೆ, ನೀವು ಎಂಜೈಮನ್ನು ಬೈಯುತ್ತ ಕೂರುತ್ತೀರಿ. ನಾನು ಕೂತಿದ್ದೆ.

ಅದೇ ದಿನ ಎಟಿಪಿ ಬಿಟ್ಟು ಉಳಿದೆಲ್ಲ ಹಾಕಿದ ಟ್ಯೂಬ್ ಒಂದಿತ್ತು. ಅದರ ಗೆರೆ ಎರಡು ತಾಸಾದ ಮೇಲೂ ಅಲುಗಲಿಲ್ಲ.