ನಂಬಿಕೆಯ ಹಂಗಿಲ್ಲದೆ ಸಕಾರಾತ್ಮಕ ಯೋಚನೆ: ನೋಟ್‌ಬುಕ್ ಹಿಡಿದು ಮಾಡುವ ಬಗೆ

ಸಕಾರಾತ್ಮಕವಾಗಿ ಯೋಚಿಸಲು ದೇವರನ್ನೋ ವಿಶ್ವಶಕ್ತಿಯನ್ನೋ ನಂಬಲೇಬೇಕೆಂದಿಲ್ಲ. ಒಂದು ನೋಟ್‌ಬುಕ್, ಪೆನ್ನು, ದಿನಕ್ಕೆ ಹತ್ತು ನಿಮಿಷ ಸಾಕು. ಸಿಗುವ ಲಾಭವೂ ಸಾದಾ: ಮುಂದೂಡುತ್ತಾ ಬಂದ ಕೆಲಸ ಶುರುವಾಗುತ್ತದೆ, ಒಂದು ಎಡವಟ್ಟಿಗೆ ಇಡೀ ವಾರ ಹಾಳಾಗುವುದು ತಪ್ಪುತ್ತದೆ.

ಕನ್ನಡಿ ಮುಂದೆ ನಿಂತು "ನಾನು ಗೆದ್ದೇ ಗೆಲ್ಲುತ್ತೇನೆ" ಎನ್ನುವುದನ್ನು ಮೊದಲು ಬಿಡಿ. ಕೆನಡಾದ ಮನಶ್ಶಾಸ್ತ್ರಜ್ಞೆ ಜೋಆನ್ ವುಡ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಕೀಳರಿಮೆ ಇದ್ದವರು ಇಂಥ ಹೊಗಳಿಕೆಯ ಮಾತನ್ನು ತಮಗೆ ತಾವೇ ಹೇಳಿಕೊಂಡಾಗ ಮನಸ್ಸು ಇನ್ನಷ್ಟು ಕುಗ್ಗಿತ್ತು. ನಂಬಲಾಗದ ಮಾತು ಹೇಳಿದರೆ ಒಳಗಿನಿಂದ "ಸುಳ್ಳು" ಎಂಬ ಉತ್ತರ ಬರುತ್ತದೆ, ಅಷ್ಟೇ.

ಅದರ ಬದಲು ಹಾಳೆಯ ನಡುವೆ ಗೆರೆ ಎಳೆಯಿರಿ. ಎಡಕ್ಕೆ, ಕಾಡುವ ಯೋಚನೆಯನ್ನು ಬಂದ ಹಾಗೇ ಬರೆಯಿರಿ: "ಇಂಟರ್‌ವ್ಯೂ ಕೆಟ್ಟಿತು, ನನ್ನ ಕೈಲಿ ಏನೂ ಆಗಲ್ಲ." ಬಲಕ್ಕೆ, ಪಕ್ಕದಲ್ಲಿ ಕೂತವನೂ ಒಪ್ಪಬಹುದಾದಷ್ಟನ್ನೇ ಬರೆಯಿರಿ: "ಆರು ಪ್ರಶ್ನೆಯಲ್ಲಿ ಎರಡಕ್ಕೆ ತಡವರಿಸಿದೆ. ಎರಡೂ ಹಳೆಯ ಕೆಲಸ ಬಿಟ್ಟಿದ್ದರ ಬಗ್ಗೆ." ಎಡಗಡೆ "ಯಾವಾಗಲೂ", "ಯಾರೂ", "ಏನೂ" ಕಂಡರೆ ಅಡಿಗೆರೆ ಹಾಕಿ. ಉತ್ಪ್ರೇಕ್ಷೆ ಸಾಮಾನ್ಯವಾಗಿ ಅಡಗಿರುವುದು ಆ ಪದಗಳಲ್ಲೇ. ಬಲಗಡೆಯದು ಸಿಹಿಯಾಗಿರಬೇಕಿಲ್ಲ, ನಿಜವಾಗಿದ್ದರೆ ಸಾಕು. ಮನಸ್ಸಿನಲ್ಲೇ ಮಾಡಿ ಮುಗಿಸುತ್ತೇನೆಂದರೆ ಕೆಲಸ ಕೆಡುತ್ತದೆ, ಯೋಚನೆ ಸುತ್ತಿದಲ್ಲೇ ಸುತ್ತುತ್ತದೆ.

ಇನ್ನು ಯೋಜನೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಬೆಳೆಸಿದ "ಹೀಗಾದರೆ ಹೀಗೆ" ವಿಧಾನ ಇಲ್ಲಿ ಒದಗುತ್ತದೆ: "ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರೆ, ಬರೆದಿಟ್ಟ ಎರಡು ವಾಕ್ಯ ಹೇಳಿ ನಿಲ್ಲಿಸುತ್ತೇನೆ." ಅಡಚಣೆ ಯಾವುದು, ಆಗ ಮಾಡುವುದೇನು, ಎರಡೂ ಒಂದೇ ವಾಕ್ಯದಲ್ಲಿರಲಿ. "ಚೆನ್ನಾಗಿ ತಯಾರಾಗುತ್ತೇನೆ" ಎಂಬುದು ಯೋಜನೆಯಲ್ಲ, ಹಾರೈಕೆ.

ಕಲ್ಪನೆ ಮಾಡಿಕೊಳ್ಳುವುದಾದರೆ ಫಲವನ್ನಲ್ಲ, ದಾರಿಯನ್ನು ಮಾಡಿಕೊಳ್ಳಿ. ಅಮೆರಿಕದಲ್ಲಿ ಫಾಮ್ ಮತ್ತು ಟೇಲರ್ ಎಂಬ ಸಂಶೋಧಕರು 1999ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಓದುತ್ತಾ ಕೂತಿರುವುದನ್ನು ಕಲ್ಪಿಸಿಕೊಂಡ ವಿದ್ಯಾರ್ಥಿಗಳು, ಒಳ್ಳೆಯ ಅಂಕ ಬಂದಂತೆ ಕಲ್ಪಿಸಿಕೊಂಡವರಿಗಿಂತ ಹೆಚ್ಚು ಅಂಕ ಪಡೆದರು. ಗೆದ್ದ ಸಂತೋಷವನ್ನು ಮೊದಲೇ ಸವಿದುಬಿಟ್ಟರೆ ಓದುವ ಹುಮ್ಮಸ್ಸು ಎಲ್ಲಿಂದ ಬರಬೇಕು?

ಹೊಸದಾಗಿ ಎದೆಯೊಡೆಯುವ ಸುದ್ದಿ ಬಂದ ದಿನ ಈ ನೋಟ್‌ಬುಕ್ ತೆರೆಯಬೇಡಿ, ಅತ್ತು ಮಲಗಿ. ಎರಡು ವಾರವಾದರೂ ಕುಗ್ಗಿದ ಮನಸ್ಸು ಏಳದೆ, ನಿದ್ದೆ, ಊಟ ಹಳಿಗೆ ಬಾರದಿದ್ದರೆ ಡಾಕ್ಟರ ಬಳಿ ಹೋಗಿ. ಅದು ನೋಟ್‌ಬುಕ್ಕಿನಿಂದಾಗುವ ಕೆಲಸವಲ್ಲ.

ವಾರಕ್ಕೊಮ್ಮೆ ಹಿಂದಿನ ಪುಟ ತಿರುವಿ, ಹೆದರಿದ್ದರಲ್ಲಿ ನಡೆಯದ್ದಕ್ಕೆ ಸೊನ್ನೆ, ನಡೆದದ್ದಕ್ಕೆ ಟಿಕ್ ಹಾಕಿ. ಟಿಕ್ ಬಿದ್ದವನ್ನು ಮರೆಮಾಚಬೇಡಿ. ಮುಂದಿನ ವಾರದ "ಹೀಗಾದರೆ ಹೀಗೆ" ಸಾಲುಗಳನ್ನು ಬರೆಯಬೇಕಾದ್ದು ಅವುಗಳಿಗೇ.