ಡಬ್ಬಿ ಮುಚ್ಚಳ ತೆಗೆಯುವ ಮೊದಲು ತಳ ಉಜ್ಜಿ

ಕರ್ನಾಟಕ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬೋಟುಗಳು ದಡ ಹತ್ತುವ ಕಾಲ. ತಳಕ್ಕೆ ಆ್ಯಂಟಿಫೌಲಿಂಗ್ ಪೇಂಟ್, ಅಂದರೆ ಪಾಚಿ, ಚಿಪ್ಪು ಅಂಟದಂತೆ ತಡೆಯುವ ಪೇಂಟ್ ಬಳಿಯುವುದೂ ಆಗಲೇ. ಬಳಿದ ಮೂರೇ ತಿಂಗಳಿಗೆ ಅದು ಹಾಳೆ ಹಾಳೆಯಾಗಿ ಏಳುವುದನ್ನು ಪ್ರತಿ ವರ್ಷ ನೋಡುತ್ತೇನೆ. ‘ಪೇಂಟೇ ಸರಿಯಿಲ್ಲ’ ಅಂತ ಬೈಯುತ್ತಾರೆ. ಹೆಚ್ಚಿನ ಸಲ ತಪ್ಪಿರುವುದು ಪೇಂಟಿನ ಅಡಿಯಲ್ಲಿ.

ಇದು ನೀರಲ್ಲೇ ಕಟ್ಟಿಡುವ ಸಣ್ಣ ಫೈಬರ್ ದೋಣಿಗಳ ಮಾತು. ದಿನಾ ದಡಕ್ಕೆ ಎಳೆಯುವ ದೋಣಿಗೆ ಈ ಪೇಂಟೇ ಬೇಡ, ಸುಮ್ನೆ ಖರ್ಚು.

ಮೇಲೆಳೆದ ದಿನವೇ ಕೆರೆಯಿರಿ. ಒದ್ದೆ ಇರುವಾಗ ಪಾಚಿ, ಲೋಳೆ ಪೊರಕೆಗೇ ಬರುತ್ತದೆ. ಒಣಗಿದರೆ ಎರಡು ದಿನದ ಕೆಲಸ. ತಳಕ್ಕೆ ಕಚ್ಚಿಕೊಂಡು ಬೆಳೆಯುವ ಬಾರ್ನಕಲ್ ಚಿಪ್ಪಿಗೆ ಮರದ ಅಥವಾ ಪ್ಲಾಸ್ಟಿಕ್ ಪಟ್ಟಿ ಸಾಕು. ಕಬ್ಬಿಣದ ಉಳಿ ಹಿಡಿದರೆ ಫೈಬರಿನ ಮೇಲಿನ ನುಣುಪು ಪದರ (ಜೆಲ್‌ಕೋಟ್) ಗೀರಿಹೋಗುತ್ತದೆ.

ಎಲ್ಲರೂ ಎಡವುವುದು ಇದರ ನಂತರ. ಚಿಪ್ಪು ಹಾರಿದರೂ ಬುಡ ಉಳಿಯುತ್ತದೆ. ಶರ್ಟಿನ ಗುಂಡಿಯಷ್ಟಗಲದ ಬಿಳಿ ಸುಣ್ಣದ ಬಿಲ್ಲೆ. ಕಣ್ಣಿಗಿಂತ ಬೆರಳಿಗೆ ಬೇಗ ಸಿಗುತ್ತದೆ. ಕಳೆದ ವರ್ಷ ನೆರೆಯವರ ದೋಣಿಯಿಂದ ಎದ್ದ ಪೇಂಟಿನ ಚೂರೊಂದನ್ನು ಮಗುಚಿ ನೋಡಿದೆ. ಒಳಬದಿಯಲ್ಲಿ ಆ ಬಿಲ್ಲೆ ಹಾಗೇ ಅಂಟಿಕೊಂಡಿತ್ತು! ಆದ್ದರಿಂದ 80 ನಂಬರಿನ ವಾಟರ್ ಪೇಪರ್ ಹಿಡಿದು, ನೀರು ಹಾಕುತ್ತಾ, ಅಂಗೈ ಆಡಿಸಿದರೆ ಎಲ್ಲೂ ತಡೆಯದ ಹಾಗೆ ಉಜ್ಜಿ. ಒಣ ತಳ ಉಜ್ಜಲೇಬೇಡಿ. ಹಳೆ ಪೇಂಟಿನ ಧೂಳಿನಲ್ಲಿ ತಾಮ್ರ ಇರುತ್ತದೆ, ಎದೆಗೆ ವಿಷ. ಮಾಸ್ಕ್, ಕೈಗವಸು, ಕನ್ನಡಕ ಬೇಕೇ ಬೇಕು. ಕೆಳಗೆ ಟಾರ್ಪಾಲ್ ಹಾಸಿ. ಆ ಕೆಸರು ಹೊಳೆ ಸೇರಿದರೆ ನಾವೇ ತಿನ್ನುವ ಮರುವಾಯಿ, ಪಚ್ಚಿಲೆಗೆ ಕೇಡು. ಚಿಪ್ಪುಜೀವಿಗಳನ್ನು ಹಾಳು ಮಾಡಿದ್ದಕ್ಕೇ ಹಿಂದಿನ ಟಿಬಿಟಿ (ತವರದ ಸಂಯುಕ್ತ ಇರುವ) ಪೇಂಟಿಗೆ ನಿಷೇಧ ಬಂತು. ಅದರ ಅಂತರರಾಷ್ಟ್ರೀಯ ಒಪ್ಪಂದ 2008ರಲ್ಲಿ ಜಾರಿಯಾಯಿತು.

ಹಳೆ ಪದರ ಗಟ್ಟಿಯಿದೆಯೇ? ಬ್ಲೇಡಿನಿಂದ ಕತ್ತರಿ ಗುರುತು ಕೊಯ್ದು, ಟೇಪ್ ಅಂಟಿಸಿ, ಸರಕ್ಕನೆ ಕೀಳಿ. ಪೇಂಟ್ ಟೇಪಿಗೆ ಬಂದರೆ ಆ ಭಾಗ ಪೂರ್ತಿ ತೆಗೆಯಬೇಕು.

ಸಿಹಿನೀರಲ್ಲಿ ಎರಡು ಸಲ ತೊಳೆಯಿರಿ. ಇನ್ನು ಮಳೆಗಾಲದ ಪಸೆಯ ತಲೆನೋವು. ಮಾಡಿನ ಕೆಳಗಿದ್ದರೂ ತಳ ಬೆವರುತ್ತದೆ. ಒದ್ದೆ ಬಟ್ಟೆಯಿಂದ ಒಂದು ಕಡೆ ಒರೆಸಿ. ಕಾಲು ಗಂಟೆಯಲ್ಲಿ ಆರಿದರೆ ಬಳಿಯಬಹುದು. ಇಲ್ಲದಿದ್ದರೆ ಬಿಸಿಲಿಗೆ ಕಾಯಿರಿ.

ಬಳಿಯುವುದು ಸುಲಭ. ತಾಮ್ರ ಡಬ್ಬಿಯ ಅಡಿಗೆ ಕೂತಿರುತ್ತದೆ, ಕೋಲು ಹಾಕಿ ಅಡಿಯಿಂದ ಕದಡಿ. ಹೆಚ್ಚು ಜಾಗ ಬರಲಿ ಅಂತ ಥಿನ್ನರ್ ಸುರಿಯಬೇಡಿ. ರೋಲರಿನಲ್ಲಿ ಎರಡು ಕೋಟ್ ಹೊಡೆಯಿರಿ. ಮೂತಿಗೆ ಮತ್ತು ನೀರು ತಾಗುವ ಗೆರೆಗೆ ಮೂರನೆಯದೂ ಬೇಕು. ಅಲ್ಲೇ ಜಾಸ್ತಿ ಸವೆಯುವುದು. ಕೆಲವು ಅಂಗಡಿಯವರು ‘ಇದೂ ಕೆಂಪೇ ಅಲ್ವಾ’ ಅಂತ ಮಾಮೂಲಿ ಇನಾಮಲ್ ಕೊಡುತ್ತಾರೆ. ತಗೊಳ್ಳಬೇಡಿ, ಅದು ಚಿಪ್ಪನ್ನು ತಡೆಯುವುದಿಲ್ಲ. ತಾಮ್ರದ ಪೇಂಟ್ ಔಟ್‌ಬೋರ್ಡ್ ಎಂಜಿನ್ನಿನ ಕಾಲಿಗೆ ತಾಗಬಾರದು, ಅದರ ಅಲ್ಯೂಮಿನಿಯಂ ತಿಂದುಹೋಗುತ್ತದೆ. ಎಂಜಿನ್ನಿನ ಲೋಹ ಸವೆಯದಂತೆ ಕಾಯಲು ಹಾಕಿರುವ ಜಿಂಕ್ ತುಂಡಿಗೆ ಯಾವ ಬಣ್ಣವೂ ಬೇಡ. ನೀರಿಗಿಳಿಸುವ ಮುನ್ನ ಎಷ್ಟು ಗಂಟೆ ಆರಬೇಕು ಅಂತ ಡಬ್ಬಿಯ ಮೇಲೇ ಇರುತ್ತದೆ.

ಮೊದಲ ಕೋಟ್ ಕಪ್ಪು, ಎರಡನೆಯದು ಕೆಂಪು ಇರಲಿ. ನೀರಲ್ಲಿ ನಿಧಾನಕ್ಕೆ ಕರಗುವ ಜಾತಿಯ ಪೇಂಟಾದರೆ, ವರ್ಷದ ನಡುವೆ ತಳವನ್ನು ಮೆತ್ತನೆ ಸ್ಪಂಜಿನಲ್ಲಷ್ಟೇ ಒರೆಸಿ. ಕೆಂಪಿನಡಿ ಕಪ್ಪು ಇಣುಕಿದ ಜಾಗಕ್ಕೆ ಮತ್ತೆ ಬಳಿಯುವ ಹೊತ್ತಾಗಿದೆ.